ಎರಡು ಇಸ್ತ್ರಿಪೆಟ್ಟಿಗೆಯ ಚೀಲ

ತಮ್ಮನ ಮಗಳು ಆ ಚೀಲವನ್ನು ನನ್ನ ಹೊಲಿಗೆ ಮೇಜಿನ ಮೇಲೆ ಇಟ್ಟಾಗ ಮೇಜಿನ ಕಾಲು ಕಿರ್ರೆಂದಿತು. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ದಪ್ಪ ಕ್ಯಾನ್ವಾಸಿನ ಚೀಲ, ಮೂಲೆಯಲ್ಲಿ ನಾನೇ ಹಾಕಿದ್ದ ತೇಪೆ, ಒಳಗೆ ಎರಡು ಹಳೆಯ ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಅವು ಕಾಣದಂತೆ ಮೇಲೊಂದು ಮಡಿಸಿದ ಚಾದರ. ನಮ್ಮ ದೊಡ್ಡತ್ತೆ ತೀರಿಕೊಂಡ ಮೇಲೆ ಅದು ತಮ್ಮನ ಮನೆಯ ಬೀರುವಿನ ನೆತ್ತಿಯ ಮೇಲೆ ಧೂಳು ಕುಡಿಯುತ್ತ ಕೂತಿತ್ತು.

“ಇದನ್ನ ಯಾಕೆ ಹೊತ್ಕೊಂಡು ಬಂದೆ?” ಅಂದೆ.

“ಭಾನುವಾರ ಅವನು ಮನೆಗೆ ಬರ್ತಾನೆ ಅತ್ತೆ. ನೀನು ಮೆಟ್ಟಿಲ ಮೇಲೆ ಕೂತ್ಕೋಬೇಕು.”

“ತಲೆಗಿಲೆ ಕೆಟ್ಟಿದ್ಯಾ ನಿಂಗೆ?”

“ಹೋದ ವರ್ಷ ಕೆಟ್ಟಿತ್ತು. ಈಗ ನೆಟ್ಟಗಾಗಿದೆ. ಅದಕ್ಕೇ ಕೇಳ್ತಿರೋದು.”

ಹೋದ ವರ್ಷದ ಕತೆ ನನಗೆ ಗೊತ್ತಿತ್ತು. ಎರಡು ವರ್ಷ ಇವಳ ಹಿಂದೆ ಮುಂದೆ ಸುಳಿದಾಡಿದ ಒಬ್ಬನಿದ್ದ. ಮಾತಾಡಿದರೆ ಕೇಳುತ್ತಲೇ ಇರಬೇಕು, ಅಂಥವನು. ಇವಳು ಹದಿನೈದು ದಿನ ಜ್ವರ ಹಿಡಿದು ಮಲಗಿದಾಗ ದಿನಕ್ಕೆ ನಾಲ್ಕು ಸಲ ಫೋನಿಗೆ ಹೂವಿನ ಚಿತ್ರ ಕಳಿಸಿದ. ನಾಲ್ಕು ಮಹಡಿ ಹತ್ತಿ ಬಂದು ಒಂದು ಸಲವೂ ಮುಖ ತೋರಿಸಲಿಲ್ಲ. ಈಗ ಬರಲಿರುವವನು ಬೇರೆ. ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಅಳತೆಗೆ ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವನು. ಇವಳ ಕನ್ನಡಕ ಮುರಿದಾಗ ಪರಿಚಯವಾದದ್ದು. ಮನೆಯಲ್ಲಿ ಅವನನ್ನು ಕನ್ನಡಕದವನು ಅಂತಲೇ ಕರೆಯುತ್ತಿದ್ದರು.

“ಇವನೂ ಒಳ್ಳೊಳ್ಳೇ ಮಾತಾಡ್ತಾನೆ ಅತ್ತೆ. ಅದಕ್ಕೇ ನಂಗೆ ಭಯ,” ಅಂದಳು. “ಮಾತು ಕೇಳಿ ಸಾಕಾಗಿದೆ. ಒಂದ್ಸಲ ಕೈ ನೋಡ್ಬೇಕು. ಎತ್ತಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು. ಅಳೋದೂ ಇಲ್ಲ ನಾನು.”

“ಅಳಲ್ಲ ಅಂತ ಯಾರು ಹೇಳಿದ್ದು?”

“ನಾನೇ ಹೇಳ್ತಿದೀನಲ್ಲ.” ಹೆಬ್ಬೆರಳಿನ ಉಗುರನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಆಮೇಲೆ, “ನಿನ್ನನ್ನೂ ಈ ಚೀಲಾನೇ ಅಲ್ವಾ ಉಳಿಸಿದ್ದು?” ಅಂದಳು.

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಮೂರು ಸಲ ತಪ್ಪಿತು.

ಇಲ್ಲ ಅನ್ನಬಹುದಿತ್ತು. ಆದರೆ ಯಾಕೆ ಇಲ್ಲ ಎಂದು ಅವಳು ಕೇಳುತ್ತಿದ್ದಳು, ಆಗ ಮೂವತ್ತು ವರ್ಷ ಮುಚ್ಚಿಟ್ಟ ಮಾತು ತೆಗೆಯಬೇಕಾಗುತ್ತಿತ್ತು. “ನೋಡೋಣ,” ಅಂದೆ. ನಮ್ಮ ಮನೆಯಲ್ಲಿ ನೋಡೋಣ ಅಂದರೆ ಹ್ಞೂಂ ಎಂದೇ ಅರ್ಥ.

ಈ ಚೀಲದ ವಿಷಯ ಹೇಳಬೇಕು. ದೊಡ್ಡತ್ತೆ ನಮ್ಮಪ್ಪನ ಅಕ್ಕ. ಈಗ ತಮ್ಮ ಇರುವ ಅದೇ ಮನೆಯಲ್ಲಿ ನಮ್ಮ ಜೊತೆ ಇದ್ದರು. ಮನೆಯ ಹುಡುಗಿಯನ್ನು ಕೇಳಿಕೊಂಡು ಯಾರೇ ಬರಲಿ, ಅವನು ನಾಲ್ಕು ಮಹಡಿ ಹತ್ತಿಯೇ ಬರಬೇಕು. ದೊಡ್ಡತ್ತೆ ಎರಡನೇ ಮಹಡಿಯ ತಿರುವಿನಲ್ಲಿ ಈ ಚೀಲ ಪಕ್ಕಕ್ಕಿಟ್ಟುಕೊಂಡು ಏದುಸಿರು ಬಿಡುತ್ತ ಕೂತಿರುತ್ತಿದ್ದರು. ಬಂದವನು ತಾನಾಗಿ ಚೀಲ ಎತ್ತಿ ಮೇಲೆ ತಂದುಕೊಟ್ಟರೆ ಮಾತುಕತೆ. ದಾಟಿಕೊಂಡು ಬಂದರೆ ಬರೀ ಕಾಫಿ. ಬಾಯಿಬಿಟ್ಟು ಕೇಳುವ ಹಾಗಿಲ್ಲ. “ಕೇಳಿ ಎತ್ತಿಸಿಕೊಳ್ಳೋದಾದ್ರೆ ಕೂಲಿಯವರನ್ನೇ ಕರೀತಿರಲಿಲ್ವಾ ನಾನು?” ಅನ್ನುತ್ತಿದ್ದರು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆ ಚೀಲವನ್ನು ಒಂದೇ ಕೈಯಲ್ಲಿ ಹೆಗಲಿಗೇರಿಸಿ ಸಿಳ್ಳೆ ಹಾಕುತ್ತ ಮೇಲೆ ಬಂದವನು. ಮುಂದಿನ ಮೂವತ್ತು ವರ್ಷ ನಾಲ್ಕು ಜನ ಸೇರಿದಲ್ಲೆಲ್ಲ ಅದನ್ನೇ ಹೇಳಿದ. ಹೇಳಿದ ಹಾಗೆಲ್ಲ ಇಸ್ತ್ರಿಪೆಟ್ಟಿಗೆಗಳು ಎರಡು ಹೋಗಿ ನಾಲ್ಕಾದವು, ಕೊನೆಕೊನೆಗೆ ಒಂದು ಹೊಲಿಗೆ ಯಂತ್ರವೂ ಸೇರಿಕೊಂಡಿತು. ಅಕ್ಕ ಒಳಗಿನಿಂದ, “ಅವತ್ತು ಎತ್ತಿದ್ದೇ ಕೊನೆ. ನಮ್ಮನೆ ಬಕೆಟ್ಟಿಗೆ ಹಿಡಿ ಇದೆ ಅನ್ನೋದು ಇನ್ನೂ ಇವರಿಗೆ ಗೊತ್ತಿಲ್ಲ,” ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಭಾವನೂ ನಗುತ್ತಿದ್ದ. ಕೆಟ್ಟವನಲ್ಲ. ಒಂದು ದಿನ ಎತ್ತಿದ, ಅಷ್ಟೇ.

ದೊಡ್ಡತ್ತೆಯನ್ನು ನಗೆಯ ವಸ್ತು ಮಾಡುವುದು ನನಗೆ ಇಷ್ಟವಿಲ್ಲ. ಅಮ್ಮ ಒಂದು ಸಲ ನನಗೆ ಮಾತ್ರ ಹೇಳಿದ್ದಳು. ದೊಡ್ಡತ್ತೆ ತುಂಬು ಬಸುರಿಯಾಗಿದ್ದಾಗ ಗಂಡನ ಜೊತೆ ಇದೇ ಮೆಟ್ಟಿಲು ಹತ್ತಿ ತವರಿಗೆ ಬರುತ್ತಿದ್ದರಂತೆ. ಕೈಯಲ್ಲಿ ಬಟ್ಟೆಯ ಗಂಟು. ಆಗುತ್ತಿಲ್ಲ, ನಿಲ್ಲಿ ಅಂದರಂತೆ. ಮುಂದೆ ಹೋಗುತ್ತಿದ್ದ ಗಂಡ ತಿರುಗಿಯೂ ನೋಡದೆ “ಬಂದೆ” ಅಂದನಂತೆ. ಬರಲಿಲ್ಲ. ಎರಡನೇ ತಿರುವಿನಲ್ಲಿ ಕಾಲು ಜಾರಿತು. ಮಗು ಉಳಿಯಲಿಲ್ಲ, ಸಂಸಾರವೂ ಉಳಿಯಲಿಲ್ಲ. ಅದಕ್ಕೇ ಆ ತಿರುವು, ಅದಕ್ಕೇ ಆ ಚೀಲ. ಇದು ಗೊತ್ತಿದ್ದವರಿಗೆ ಚೀಲವನ್ನು ಬೇಡ ಅನ್ನುವುದು ಸುಲಭವಾಗಿರಲಿಲ್ಲ.

ಭಾನುವಾರ ಹತ್ತೂವರೆಗೆ ಹೋಗಿ ಕೂತೆ. ತಿರುವಿನಲ್ಲಿ ಒಂದು ಕಿಟಕಿಯಿದೆ. ಅದರ ಕೆಳಗಿನ ಮೆಟ್ಟಿಲು ನಡುವೆ ಸವೆದು ತಗ್ಗಾಗಿದೆ. ಎಷ್ಟು ಜನರ ಕಾಲಿಗೆ ಸವೆಯಿತೋ, ದೊಡ್ಡತ್ತೆಯ ಭಾರಕ್ಕೆ ಎಷ್ಟು ಸವೆಯಿತೋ. ಕೂತರೆ ಸರಿಯಾಗಿ ಹಿಡಿಯುತ್ತದೆ.

ತಮ್ಮ ಮೇಲಿನ ಕಟಕಟೆಯಿಂದ ಬಗ್ಗಿ, “ಅಕ್ಕ, ಸ್ವಲ್ಪ ನರಳು. ಸುಮ್ನೆ ಕೂತ್ರೆ ಬಿಸಿಲು ಕಾಯಿಸ್ತಿದೀಯ ಅನ್ಕೋತಾನೆ,” ಅಂದ.

“ನರಳೋದು ನಿನ್ನ ಹೆಂಡ್ತಿ ಹತ್ರ ಇಟ್ಕೋ. ಒಳಗೆ ಹೋಗು,” ಅಂದೆ.

ಹೋದ. ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಮೆಟ್ಟಿಲಿನಲ್ಲಿ ಯಾವ ಸದ್ದೂ ಇರಲಿಲ್ಲ. ಚೀಲವನ್ನು ಕಾಲಿಗೆ ಒತ್ತಿಕೊಂಡಂತೆ ಇಟ್ಟುಕೊಂಡೆ. ಕಬ್ಬಿಣದ ತಣ್ಣಗಿನ ಅಂಚು ಚಾದರದ ಮೂಲಕವೂ ತಾಗುತ್ತಿತ್ತು. ನನ್ನ ಕಾಲದಲ್ಲಿ ನಾನು ಈ ತಿರುವಿನಲ್ಲಿ ಇರಲಿಲ್ಲ. ಮೇಲೆ, ಬಾಗಿಲಿನ ಹಿಂದೆ ಇದ್ದೆ.

ಆಗ ನನಗೆ ಇಪ್ಪತ್ತಾರು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಚಾದರಗಳನ್ನು ಹೊಲಿಯುವ ಕೆಲಸ. ಮನುಷ್ಯರು ಮಲಗುವುದು ಹಾಸಿಗೆಯ ನಡುವಿನಲ್ಲಿ. ಹಾಗಾಗಿ ಚಾದರ ನಡುವೆ ಜಾಳಾಗುತ್ತದೆ, ಅಂಚು ಹೊಸದರ ಹಾಗೇ ಇರುತ್ತದೆ. ಉದ್ದಕ್ಕೆ ಸೀಳಿ, ಹೊರಗಿನ ಅಂಚುಗಳನ್ನು ನಡುವಿಗೆ ತಂದು ಕೂಡಿಸಿ ಹೊಲಿದರೆ ಇನ್ನೆರಡು ವರ್ಷ ಬಾಳುತ್ತದೆ. ಸಣ್ಣ ಹರುಕುಗಳದ್ದೇ ಕಷ್ಟ. ಅಷ್ಟಗಲದ ಬಟ್ಟೆಯನ್ನು ಬೆಳಕಿಗೆ ಹಿಡಿದು ಹುಡುಕಬೇಕು. ಬಟ್ಟೆ ತಂದುಹಾಕುವವರೆಲ್ಲ ರಾಶಿಗೆ ಎಸೆದು ಹೋಗುತ್ತಿದ್ದರು. ಒಬ್ಬ ಮಾತ್ರ ಹರಿದ ಜಾಗದ ಪಕ್ಕ ಒಂದು ದಾರದ ಗಂಟು ಹಾಕಿ ತರುತ್ತಿದ್ದ, ನಾನು ಹುಡುಕಬಾರದು ಅಂತ. ಕಲೆಯಾದ ಭಾಗ ಒಳಗೆ ಹೋಗುವ ಹಾಗೆ ಮಡಿಸಿಯೇ ಕೊಡುತ್ತಿದ್ದ.

ಅವನು ಸ್ಟ್ರೆಚರ್ ಹೊರುವವನು. ಆ ಕೆಲಸದಲ್ಲಿ ಇಬ್ಬಿಬ್ಬರ ಜೋಡಿ. ಮುಂದಿನ ಹಿಡಿ ಹಿಡಿದವನನ್ನು ಮುಂದಿನವನು, ಹಿಂದಿನ ಹಿಡಿ ಹಿಡಿದವನನ್ನು ಹಿಂದಿನವನು ಅಂತ ಕರೆಯುತ್ತಿದ್ದರು. ಇವನು ಹಿಂದಿನವನು. ರೋಗಿಯ ತಲೆ ಹಿಂದಿನವನ ಕಡೆಗಿರುತ್ತದೆ. ಅವನು ನಡೆಯುತ್ತಲೇ ಬಗ್ಗಿ ಅವರ ಜೊತೆ ಮಾತಾಡುತ್ತಿದ್ದ, ಈಗ ಬಲಕ್ಕೆ ತಿರುಗ್ತೀವಿ, ಈಗ ಒಂದು ಹೊಸಿಲು ಬರುತ್ತೆ, ಸ್ವಲ್ಪ ಕುಲುಕುತ್ತೆ ಅಂತ. “ಈ ಊರಿನ ಅರ್ಧ ಜನರ ಮುಖ ನಂಗೆ ತಲೆಕೆಳಗಾಗೇ ಗೊತ್ತಿರೋದು. ರಸ್ತೇಲಿ ನೆಟ್ಟಗೆ ಸಿಕ್ಕಿದ್ರೆ ಗುರುತೇ ಹತ್ತಲ್ಲ,” ಅಂದಿದ್ದ ಒಂದು ಸಲ.

ಮೂರು ವರ್ಷ ನೋಡಿದೆ. ಗಂಟುಗಳು ನನಗೊಬ್ಬಳಿಗೇ ಅಂದುಕೊಂಡಿದ್ದೆ. ಪಕ್ಕದ ಮೇಜಿನವಳಿಗೂ ಹಾಗೇ ಹಾಕಿ ಕೊಡುತ್ತಾನೆ ಎಂದು ತಿಳಿದಾಗ ಎರಡು ದಿನ ಸಿಟ್ಟಿತ್ತು. ಎಲ್ಲರಿಗೂ ಒಳ್ಳೆಯವನಾದರೆ ನನ್ನ ಪಾಲಿಗೆ ಉಳಿಯುವುದೇನು ಅಂತ. ಮೂರನೇ ದಿನ ಅವನು ಒಬ್ಬರು ಮುದುಕರನ್ನು ಇಳಿಸಿ, ಅವರ ಚಪ್ಪಲಿಯನ್ನು ಎಡ ಬಲ ನೋಡಿ ಸರಿಯಾದ ಕಾಲಿಗೆ ತೊಡಿಸುತ್ತಿದ್ದುದನ್ನು ಕಂಡೆ. ಸಿಟ್ಟು ಎಲ್ಲಿ ಹೋಯಿತೋ. ಇವನ ಜೊತೆ ಮುದುಕಿಯಾಗಬಹುದು ಅನ್ನಿಸಿತು. ನಾನೇ ಹೇಳಿದೆ, ಒಂದು ಭಾನುವಾರ ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡು ಅಂತ. ಮೆಟ್ಟಿಲ ಮೇಲಿನ ಚೀಲದ ವಿಷಯ ಹೇಳಲಿಲ್ಲ. ಹೇಳಿದರೆ ಮೋಸವಾಗುತ್ತದಲ್ಲ. ಅಲ್ಲದೆ ನನಗೆ ಹೆದರಿಕೆಯೂ ಇರಲಿಲ್ಲ. ಊರಿನವರನ್ನೆಲ್ಲ ಹೊರುವವನು ಒಂದು ಚೀಲ ಎತ್ತದೆ ಇರುತ್ತಾನೆಯೇ?

ಆ ಭಾನುವಾರ ದೊಡ್ಡತ್ತೆ ದಡದಡ ಮೇಲೆ ಬಂದರು, ಚೀಲ ಹೊತ್ತುಕೊಂಡು, ತಾವೇ.

“ನೋಡ್ದ,” ಅಂದರು. “ನನ್ನನ್ನ ನೋಡ್ದ, ಚೀಲ ನೋಡ್ದ. ‘ಬಂದೆ’ ಅಂದ. ತಿರುಗಿ ಕೆಳಕ್ಕೆ ಓಡಿಹೋದ.”

ಬಂದೆ ಎಂಬ ಆ ಮಾತು ದೊಡ್ಡತ್ತೆಯ ಕಿವಿಯಲ್ಲಿ ಹೇಗೆ ಬಿದ್ದಿರಬಹುದು ಎಂದು ಈಗ ಅರ್ಥವಾಗುತ್ತದೆ. ಅವರ ಮುಖ ಬಿಳಿಚಿಕೊಂಡಿತ್ತು. ಅಮ್ಮ ನೀರು ಕೊಟ್ಟಳು. ಅಪ್ಪ ಬಾಗಿಲಿಗೆ ಅಗುಳಿ ಹಾಕಿದ.

ಅರ್ಧ ಗಂಟೆಗೂ ಮೇಲಾದ ಬಳಿಕ ಬಾಗಿಲು ತಟ್ಟಿದ ಸದ್ದು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಅಪ್ಪ ಬಾಗಿಲನ್ನು ಒಂದು ಗೇಣು ತೆರೆದು, “ಹುಡುಗಿಗೆ ಮನಸ್ಸಿಲ್ಲಪ್ಪ,” ಅಂದ. ಹೊರಗೆ ಒಂದಷ್ಟು ಹೊತ್ತು ಬರೀ ಉಸಿರಿನ ಸದ್ದು, ಓಡಿ ಬಂದವರ ಉಸಿರು. ಆಮೇಲೆ ಅವನ ದನಿ, “ಸರಿ. ಆದ್ರೆ ಇಲ್ಲಿ ಮೆಟ್ಟಿಲ ಹತ್ರ ಒಬ್ರು…” ಅಂತ ಶುರುಮಾಡಿತು. “ಹೋಗಪ್ಪ,” ಅಂದ ಅಪ್ಪ. ಬಾಗಿಲು ಮುಚ್ಚಿತು.

ನಾನು ಬಾಗಿಲು ತೆಗೆಯಲಿಲ್ಲ. ಇದನ್ನು ಬೇರೆ ಯಾರ ಮೇಲೂ ಹಾಕಲಾರೆ. ಮೂರು ವರ್ಷ ನನ್ನ ಕಣ್ಣಾರೆ ನೋಡಿದ್ದು ಒಂದು ಕಡೆ ಇತ್ತು, ಯಾರೋ ಬಂದು ಹೇಳಿದ ಒಂದು ನಿಮಿಷದ ಮಾತು ಇನ್ನೊಂದು ಕಡೆ. ನಾನು ನಿಮಿಷವನ್ನು ನಂಬಿದೆ.

ಸೋಮವಾರ ಅವನು ಬಟ್ಟೆ ಕೋಣೆಯ ಕಿಂಡಿಗೆ ಬಂದ. ನಾನು ಮುಖ ಎತ್ತದೆ “ಎಷ್ಟು?” ಅಂದೆ, ಗುರುತಿಲ್ಲದವರನ್ನು ಕೇಳುವ ಹಾಗೆ. ಅವನು “ಹನ್ನೊಂದು” ಅಂದ. ಹೀಗೇ ಮೂರು ವಾರ. ಆಮೇಲೆ ಬೇರೆ ಊರಿನ ಆಸ್ಪತ್ರೆಗೆ ವರ್ಗ ಕೇಳಿಕೊಂಡು ಹೋದ ಅಂತ ಸುದ್ದಿ ಬಂತು. ಅವನು ಕೊಟ್ಟ ಕೊನೆಯ ರಾಶಿಯನ್ನು ಬಿಡಿಸಿದರೆ ಒಂದೊಂದು ಹರುಕಿನ ಪಕ್ಕದಲ್ಲೂ ಗಂಟು ಹಾಗೇ ಇತ್ತು. ಒಂದನ್ನೂ ಬಿಟ್ಟಿರಲಿಲ್ಲ.

ನನ್ನನ್ನು ಕೇಳಿಕೊಂಡು ಇನ್ನೂ ಇಬ್ಬರು ಬಂದರು. ಒಬ್ಬ ಚೀಲ ಎತ್ತಿದ ಕೂಡ. ನಾನೇ ಒಲ್ಲೆ ಅಂದೆ. ಸಂಜೆಗಳು ಉದ್ದವಾದವು. ಕೆಲಸ ಮುಗಿದ ಮೇಲೆ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿಗೆ ಸೇರಿದೆ. ಹೊತ್ತು ಹೋಗಬೇಕಲ್ಲ.

ಒಂಬತ್ತು ವರ್ಷ ಕಳೆದ ಮೇಲೆ, ಅವನ ಜೊತೆ ಸ್ಟ್ರೆಚರ್ ಹೊರುತ್ತಿದ್ದ ಮುಂದಿನವನು ನಿವೃತ್ತನಾದ. ಎಲ್ಲರಿಗೂ ಹೇಳಿ ಹೋಗಲು ಬಂದವನು ನನ್ನ ಕಿಂಡಿಯ ಮುಂದೆ ನಿಂತು, “ಒಂದು ಮಾತು ಕೇಳ್ಬೇಕು ಅಂತ ಎಷ್ಟು ವರ್ಷದಿಂದ ಇತ್ತು ತಂಗಿ. ನೀನು ತಪ್ಪು ತಿಳೀಬಾರ್ದು,” ಅಂದ.

“ಕೇಳಿ ಅಣ್ಣ.”

“ನಿಮ್ಮ ಕಟ್ಟಡದ ಎರಡನೇ ಮಹಡಿ ಮೆಟ್ಟಿಲ ಮೇಲೆ ಒಬ್ರು ಹಿರಿಯರು ಉಸಿರು ಕಟ್ಟಿ ಕೂತಿದ್ರಲ್ಲ, ಅವರು ಏನಾದ್ರು?”

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. “ಒಂದು ಭಾನುವಾರ ನಾನು ಆಸ್ಪತ್ರೆ ಗೇಟಿನ ಹತ್ರ ಇದ್ದೆ. ನಮ್ಮ ಹಿಂದಿನವನು ಹೊಸ ಶರ್ಟು ಹಾಕ್ಕೊಂಡು ಎದ್ದೂಬಿದ್ದೂ ಓಡಿ ಬಂದ. ‘ಮೆಟ್ಟಿಲ ಮೇಲೆ ಒಬ್ರು ಎದೆ ಹಿಡ್ಕೊಂಡಿದಾರೆ, ಕುರ್ಚಿ ತಗೋ’ ಅಂದ. ಹೊರೋ ಕುರ್ಚಿ ತಗೊಂಡು ಇಬ್ರೂ ಓಡಿದ್ವಿ, ಎರಡು ಬೀದಿ. ಹೋಗಿ ನೋಡಿದ್ರೆ ಯಾರೂ ಇಲ್ಲ. ಎರಡನೇ ಮಹಡಿ, ಮೂರನೇ ಮಹಡಿ, ಒಂದೊಂದು ಬಾಗಿಲೂ ತಟ್ಟಿದ್ವಿ. ಯಾರ ಮನೇಲೂ ಹುಷಾರಿಲ್ಲದೋರು ಇಲ್ಲ ಅಂದ್ರು. ನನ್ನನ್ನ ಕುರ್ಚಿ ಜೊತೆ ಕೆಳಗೆ ಕಳಿಸಿ ಇವನು ಮೇಲೆ ಹೋದ.”

“ಚೀಲ?” ಅಂದೆ. “ಅವರ ಪಕ್ಕ ಒಂದು ಚೀಲ ಇತ್ತಲ್ಲ?”

“ಚೀಲನಾ? ಚೀಲದ ಮಾತು ಏನೂ ಹೇಳಲಿಲ್ಲಪ್ಪ. ಏದುಸಿರು ಬಿಡೋರನ್ನ ನೋಡಿದ್ರೆ ಅಲ್ಲಾಡಿಸ್ಬಾರ್ದು, ಎಬ್ಬಿಸಿ ನಡೆಸ್ಬಾರ್ದು, ಕುರ್ಚಿ ತರ್ಬೇಕು. ನಮಗೆ ಕಲಿಸಿರೋದೇ ಅದು. ಚೀಲ ಯಾರು ನೋಡ್ತಾರೆ? ಆಮೇಲೆ ಒಂದು ವಾರ ದಿನಾ ವಾರ್ಡ್ ವಾರ್ಡ್ ಹುಡುಕ್ದ, ಆ ಬೀದಿಯಿಂದ ವಯಸ್ಸಾದ ಹೆಂಗಸು ಯಾರಾದ್ರೂ ಬಂದಿದಾರಾ ಅಂತ. ಹೆಣದ ಕೋಣೇಲೂ ಕೇಳ್ದ. ನಿನ್ನನ್ನ ಕೇಳೋ ಅಂದೆ. ‘ಅವಳು ನನ್ನ ಜೊತೆ ಮಾತಾಡ್ತಿಲ್ಲ’ ಅಂದ.”

ದಾರ ಕತ್ತರಿಸುವ ಕತ್ತರಿ ಕೈಯಲ್ಲೇ ಇತ್ತು. “ಹುಷಾರಾಗಿದಾರೆ,” ಅಂದೆ. “ಅವತ್ತೇ ಹುಷಾರಾದ್ರು.”

“ಒಳ್ಳೇದಾಯ್ತು. ಅವನಿಗೆ ಬರೀತೀನಿ.”

“ಅವರು ಹೇಗಿದಾರೆ?”

“ಚೆನ್ನಾಗಿದಾನೆ. ಮದುವೆ ಆಗಿದೆ. ಎರಡು ಹೆಣ್ಮಕ್ಳು.”

ಅವತ್ತು ಮನೆಗೆ ಹೋದಾಗ ದೊಡ್ಡತ್ತೆ ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ಎಲ್ಲ ನಾನೇ. ಚಮಚ ಹಿಡಿದವಳು ಬಾಯಿಗೆ ಕೊಡುವುದನ್ನೇ ಮರೆತದ್ದು ನೋಡಿ, “ಏನಾಯ್ತೇ?” ಅಂದರು. ಏನಿಲ್ಲ ಅಂದೆ. ಹೇಳಿದ್ದರೆ ಅದನ್ನು ಹೊತ್ತುಕೊಂಡೇ ಅವರು ಸಾಯಬೇಕಾಗುತ್ತಿತ್ತು. ಮೊದಲೇ ಒಂದು ಹೊತ್ತಿದ್ದರು. ಆ ಚಳಿಗಾಲದಲ್ಲಿ ಹೋದರು. ಅವರು ಹೋದ ಮೇಲಾದರೂ ಮನೆಯವರಿಗೆ ಹೇಳಬಹುದಿತ್ತು. ಇಲ್ಲದವರನ್ನು ಯಾಕೆ ಆಡಿಕೊಳ್ಳುವಂತೆ ಮಾಡಲಿ ಎಂದು ಸುಮ್ಮನಾದೆ. ಹಾಗೆ ಸುಮ್ಮನಾಗಿದ್ದಕ್ಕೇ ಚೀಲ ಬೀರುವಿನ ಮೇಲೆ ಹಾಗೇ ಉಳಿಯಿತು, ಇಸ್ತ್ರಿಪೆಟ್ಟಿಗೆಗಳ ಸಮೇತ, ಇನ್ನೊಬ್ಬ ಹುಡುಗಿ ದೊಡ್ಡವಳಾಗಿ ಅದನ್ನು ಇಳಿಸುವವರೆಗೆ.

ಕೆಳಗಿನ ಬಾಗಿಲು ತೆರೆದ ಸದ್ದಾಯಿತು. ಹೆಜ್ಜೆಗಳು.

ತೆಳ್ಳಗಿನವನು, ಎಣ್ಣೆ ಹಾಕಿ ಬಾಚಿದ ತಲೆ, ಕಂಕುಳಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ. ತುಟಿ ಆಡಿಸುತ್ತ ಹತ್ತುತ್ತಿದ್ದ, ಪರೀಕ್ಷೆಗೆ ಹೋಗುವವರು ಬಾಯಿಪಾಠ ಹೇಳಿಕೊಳ್ಳುವ ಹಾಗೆ. ತಿರುವಿಗೆ ಬಂದ. ನನ್ನ ಕಾಲು ತುಳಿಯದಂತೆ ಸ್ವಲ್ಪ ಓರೆಯಾದ. ತಲೆಯನ್ನು ಒಂದಿಷ್ಟು ಬಾಗಿಸಿದ ಹಾಗೆ ಮಾಡಿದ. ದಾಟಿ ಮೇಲೆ ಹತ್ತಿದ.

ಅಷ್ಟೇ. ಚೀಲ ನನ್ನ ಪಕ್ಕದಲ್ಲೇ ಇತ್ತು.

ಒಂದು, ಎರಡು, ಮೂರು. ಅವನ ಹೆಜ್ಜೆ ಲೆಕ್ಕ ಹಾಕುತ್ತಿದ್ದೆ. ಸುಮ್ಮನೆ ಕೂತಿದ್ದರೆ ಸಾಕಿತ್ತು, ದೊಡ್ಡತ್ತೆಯ ಲೆಕ್ಕದಲ್ಲಿ ಮುಗಿದುಹೋಗುತ್ತಿತ್ತು. ತಮ್ಮನ ಮಗಳು ಅಳುವುದಿಲ್ಲ ಅಂದಿದ್ದಳು. ನಾನೂ ಅತ್ತಿರಲಿಲ್ಲ. ಏಳನೇ ಹೆಜ್ಜೆಗೆ ಬಾಯಿ ತೆರೆದೆ.

“ಏನಪ್ಪಾ, ಇಲ್ಲಿ ಬಾ. ಈ ಚೀಲ ಸ್ವಲ್ಪ ಮೇಲೆ ತಂದುಕೊಡ್ತೀಯಾ?”

ಗಕ್ಕನೆ ನಿಂತ. ತಿರುಗಿ ನೋಡಿದ, ಆಗ ಮೊದಲ ಸಲ ನೋಡಿದವನ ಹಾಗೆ. ಎರಡೆರಡು ಮೆಟ್ಟಿಲು ಇಳಿದು ಬಂದ. “ಅಯ್ಯೋ, ನೋಡ್ಲೇ ಇಲ್ಲಮ್ಮ. ತಪ್ಪಾಯ್ತು.” ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಚೀಲಕ್ಕೆ ಕೈ ಹಾಕಿ ಎತ್ತಿದ. ಎತ್ತಿದವನು ಒಂದು ಕ್ಷಣ ಹಾಗೇ ನಿಂತ. ಇಷ್ಟು ಭಾರ ಅಂದುಕೊಂಡಿರಲಿಲ್ಲ ಅಂತ ಕಾಣುತ್ತದೆ.

“ನೀವು ನಿಧಾನ ಬನ್ನಿ. ನಾನೂ ನಿಧಾನವೇ ಹೋಗೋದು, ಬೇರೆ ದಾರಿ ಇಲ್ಲ,” ಅಂದ.

ಮೂರನೇ ತಿರುವಿನಲ್ಲಿ ಕೈ ಬದಲಿಸಿದ. “ಇದ್ರಲ್ಲಿ ಏನಿದೆಯಮ್ಮ?”

“ಇಸ್ತ್ರಿಪೆಟ್ಟಿಗೆ.”

“ಒಂದಾ?”

“ಎರಡು.”

ನಾಲ್ಕು ಮೆಟ್ಟಿಲು ಹತ್ತಿದ ಮೇಲೆ, “ಎರಡು ಯಾಕೆ?” ಅಂದ. ನನಗೆ ನಗು ಬಂತು.

ಬಾಗಿಲು ತೆರೆದ ತಮ್ಮನ ಮಗಳು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಕೈಯಲ್ಲಿದ್ದ ಚೀಲವನ್ನು. ಅವಳ ಮುಖ ಅರಳಿತು. “ಇವರು ನಮ್ಮತ್ತೆ,” ಅಂದಳು. ಅವನು ನನ್ನನ್ನೂ ಚೀಲವನ್ನೂ ಬಾಗಿಲನ್ನೂ ಒಂದು ಸುತ್ತು ನೋಡಿದ. ಏನೋ ಇದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ತಗಡಿನ ಡಬ್ಬಿಯಲ್ಲಿ ಪುಟ್ಟ ಪುಟ್ಟ ತಿರುಪುಮೊಳೆಗಳಿದ್ದವು. ತಮ್ಮನ ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಇವಳು ಎಂದೋ ಹೇಳಿದ್ದಳಂತೆ. ಕೂತವನೇ ಅದನ್ನು ಬಿಗಿಮಾಡತೊಡಗಿದ.

ಅಡುಗೆಮನೆಯಲ್ಲಿ ಅವಳು ನನ್ನ ತೋಳು ಹಿಡಿದುಕೊಂಡಳು. “ಎತ್ತಿದ. ಅಲ್ವಾ?”

ಹೌದು ಅಂದುಬಿಟ್ಟರೆ ಅವಳಿಗೆ ಬೇಕಾದದ್ದು ಸಿಗುತ್ತಿತ್ತು. ಆದರೆ ಆ ಹೌದನ್ನು ನಂಬಿಕೊಂಡು ಅವಳು ಮೂವತ್ತು ವರ್ಷ ಬಾಳಬೇಕಲ್ಲ.

“ದಾಟಿಕೊಂಡು ಹೋದ,” ಅಂದೆ. “ನಾನು ಕರೆದೆ. ಕರೆದ ಮೇಲೆ ಬಂದು ಎತ್ತಿದ.”

ಕೈ ಬಿಟ್ಟಳು. “ಕರೆದ್ಯಾ? ಯಾಕೆ ಕರೆದೆ ಅತ್ತೆ? ಕರೆದ್ರೆ ಯಾರಾದ್ರೂ ಎತ್ತುತ್ತಾರೆ.”

“ನಿನ್ನ ಹೂವಿನ ಚಿತ್ರದವನನ್ನ ನೀನು ಕರೆದಿದ್ಯಾ, ಜ್ವರ ಬಂದಾಗ?”

“ಕರೆದಿದ್ದೆ. ಮೂರು ಸಲ.”

“ಬಂದ್ನಾ?”

ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಉರಿ ಸಣ್ಣ ಮಾಡಿದೆ. “ಹೋಗಿ ಕೇಳು, ಯಾಕೆ ನೋಡಲಿಲ್ಲ ಅಂತ,” ಅಂದೆ.

“ಕೇಳೋಕೆ ಏನಿದೆ? ಗೊತ್ತಾಯ್ತಲ್ಲ.”

“ನಂಗೂ ಹೀಗೇ ಗೊತ್ತಾಗಿತ್ತು.”

ಆಗ ಹೇಳಿದೆ. ಕುರ್ಚಿ, ಎರಡು ಬೀದಿ ಓಟ, ತಟ್ಟಿದ ಬಾಗಿಲುಗಳು, ಅರ್ಧಕ್ಕೆ ನಿಂತ ಆ ಮಾತು. ಮೂವತ್ತು ವರ್ಷ ಹೊತ್ತದ್ದು ಹಾಲು ಉಕ್ಕುವುದರೊಳಗೆ ಹೇಳಿ ಮುಗಿದುಹೋಯಿತು. ಅವಳ ಕಣ್ಣು ತುಂಬಿತು. “ಅತ್ತೆ, ನಾನು ಅವತ್ತು ಚೀಲ ನಿನ್ನನ್ನ ಉಳಿಸ್ತು ಅಂದೆ,” ಅಂದಳು.

“ಅಂದೆ. ಇರಲಿ. ಇವನು ಆ ಥರದವನು ಅಂತ ನಾನು ಹೇಳ್ತಿಲ್ಲ. ಒಳ್ಳೇವನೋ ಅಲ್ವೋ ನಂಗೆ ಗೊತ್ತಿಲ್ಲ, ಹದಿನೈದು ನಿಮಿಷ ನೋಡಿದೀನಿ. ಎರಡು ಇಸ್ತ್ರಿಪೆಟ್ಟಿಗೆ ಯಾಕೆ ಅಂತ ಕೇಳ್ದ, ಕೆಳಗೆ ಇಡಲಿಲ್ಲ. ಅಷ್ಟು ನೋಡಿದೆ. ಉಳಿದಿದ್ದು ನೀನು ಕೇಳ್ಬೇಕು, ನೀನು ನೋಡ್ಬೇಕು. ನಿಧಾನವಾಗಿ. ಈ ಚೀಲದ ಕೈಲಿ ಮಾಡಿಸ್ಬೇಡ.”

ಸೆರಗಿನಿಂದ ಅಲ್ಲ, ನನ್ನ ತೋಳಿನಿಂದ ಕಣ್ಣೊರೆಸಿಕೊಂಡಳು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ. ನಡುಮನೆಗೆ ಹೋಗಿ, “ಸ್ವಲ್ಪ ಹೊರಗೆ ಬರ್ತೀರಾ?” ಅಂದದ್ದು ಕೇಳಿಸಿತು. ಬಾಗಿಲು ತೆರೆಯಿತು.

ತಮ್ಮ ಅಡುಗೆಮನೆಗೆ ಇಣುಕಿದ. “ಏನಕ್ಕ ಇದು, ಕಾಫಿಗೆ ಮುಂಚೆನೇ ಎಬ್ಬಿಸ್ಕೊಂಡು ಹೋದ್ಳು? ಪಾಸೋ ಫೇಲೋ?”

“ಕನ್ನಡಕ ಸರಿಯಾಯ್ತಲ್ಲ, ಹಾಕ್ಕೊಂಡು ನೀನೇ ನೋಡು,” ಅಂದೆ.

ಇಸ್ತ್ರಿಪೆಟ್ಟಿಗೆಗಳನ್ನು ಹೊರಗೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಚಾದರವನ್ನು ತಮ್ಮನ ಹೆಂಡತಿಗೆ ಕೊಟ್ಟೆ. ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಇಟ್ಟುಕೊಂಡೆ. ಕ್ಯಾನ್ವಾಸು ಇನ್ನೂ ಗಟ್ಟಿ, ಬಿಚ್ಚಿದರೆ ಬೇರೆ ಏನಾದರೂ ಹೊಲಿಯಬಹುದು. ಊಟ ಮಾಡಿ ಹೋಗು ಅಂದರು. ಇನ್ನೊಂದು ದಿನ ಅಂದೆ.

ಮೂರನೇ ತಿರುವಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು, ನಡುವೆ ಒಂದು ಮೊಳ ಜಾಗ ಬಿಟ್ಟು.

“ಅಷ್ಟು ದೊಡ್ಡ ಚೀಲ ಕಾಣಿಸಲಿಲ್ವಾ?” ಅನ್ನುತ್ತಿದ್ದಳು ಇವಳು.

“ಇಲ್ಲ. ಸುಳ್ಳು ಯಾಕೆ ಹೇಳ್ಲಿ? ನಿಮ್ಮಪ್ಪ ಏನು ಕೇಳಿದ್ರೆ ಏನು ಹೇಳ್ಬೇಕು ಅಂತ ಅದೇ ತಲೇಲಿತ್ತು. ಆನೆ ಕೂತಿದ್ರೂ ದಾಟ್ತಿದ್ದೆ. ಇನ್ಮುಂದೆ ನೋಡ್ತೀನಿ ಅಂತ ಹೇಳ್ಬಹುದು, ಆದ್ರೆ ಮತ್ತೆ ಮರೆತ್ರೆ?”

“ಮರೆತ್ರೆ ಕರೀತೀನಿ.”

“ಕರೆದ್ರೆ ಬರ್ತೀನಿ.”

“ನೋಡೋಣ,” ಅಂದಳು.

ನಾನು ಹತ್ತಿರ ಬಂದಾಗ ಇಬ್ಬರೂ ಮೊಣಕಾಲು ಒಳಕ್ಕೆಳೆದುಕೊಂಡು ದಾರಿ ಬಿಟ್ಟರು. “ಹೊರಟ್ಯಾ ಅತ್ತೆ?” ಅಂದಳು, ಅವನ ಮುಖದಿಂದ ಕಣ್ಣು ತೆಗೆಯದೆ. ಹ್ಞೂಂ ಅಂದೆ. ದಾಟಿಕೊಂಡು ಇಳಿದೆ. ಅವರ ಮಾತು ಮತ್ತೆ ಶುರುವಾಯಿತು. ಕೆಳಗಿಳಿದ ಹಾಗೆ ಮಾತು ಹೋಗಿ ಬರೀ ದನಿಯಾಯಿತು.

ಎರಡನೇ ತಿರುವಿಗೆ ಬಂದಾಗ ನಿಜವಾಗಿಯೂ ಉಸಿರು ಸಾಲಲಿಲ್ಲ. ಕಿಟಕಿಯ ಕೆಳಗೆ, ಸವೆದ ಮೆಟ್ಟಿಲಿನ ಮೇಲೆ ಕೂತೆ. ಖಾಲಿ ಚೀಲ ತೊಡೆಯ ಮೇಲೆ. ಬಿಸಿಲು ಪಕ್ಕಕ್ಕೆ ಸರಿದುಹೋಗಿತ್ತು. ಕೆಳಗಿನಿಂದ ಯಾರೂ ಹತ್ತಿ ಬರಲಿಲ್ಲ. ಮೇಲಿನವರನ್ನು ಕರೆದಿದ್ದರೆ ಇಬ್ಬರೂ ಓಡಿ ಬರುತ್ತಿದ್ದರು, ಅದು ನನಗೆ ಗೊತ್ತಿತ್ತು. ಕರೆಯಲಿಲ್ಲ. ಅವರು ಮಾತಾಡಲಿ.

‘ಇಲ್ಲಿ ಮೆಟ್ಟಿಲ ಹತ್ರ ಒಬ್ರು…’ ಅಂತ ಅವತ್ತು ಬಾಗಿಲಾಚೆ ಅವನು ಶುರುಮಾಡಿದ ಮಾತು ಎಂದಿನಂತೆ ನೆನಪಾಯಿತು.

“ಇದ್ದಾರೆ,” ಎಂದೆ, ಮೇಲಿನವರಿಗೆ ಕೇಳಿಸದ ಹಾಗೆ. “ಹುಷಾರಾಗಿದ್ದಾರೆ.”

ಉಸಿರು ತಹಬಂದಿಗೆ ಬಂದ ಮೇಲೆ ಕಟಕಟೆ ಹಿಡಿದು ಎದ್ದು, ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದೆ.